ಫಿನ್‌ಲ್ಯಾಂಡಿನ ಡಿಗ್ರಿಗೆ ಶೆಟ್ಟಿಕೆರೆಯ ತಕರಾರು

ನನ್ನ ಭಾವ ಕರಿಬಸವಯ್ಯನವರಿಗೆ ಯಾವ ವಿಷಯವನ್ನಾದರೂ ಅರ್ಧ ಹೇಳಿದರೆ ಸಾಕು, ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಾರೆ. ಆ ಉಳಿದರ್ಧ ಯಾವಾಗಲೂ ತಪ್ಪಿರುತ್ತದೆ ಎಂಬುದನ್ನು ಬಿಟ್ಟರೆ, ಅವರಷ್ಟು ಒಳ್ಳೆಯ ಮನುಷ್ಯ ಶೆಟ್ಟಿಕೆರೆಯ ಸುತ್ತಮುತ್ತ ಇನ್ನೊಬ್ಬರಿಲ್ಲ. ನಾನು ತಿಪಟೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಲಿನ ಹಳ್ಳಿಗಳ ಕಣ್ಣಿಗೆಲ್ಲ ನಂಬರು ಹಾಕಿ ಕೊಟ್ಟವನು ನಾನು. ಭಾವನಿಗೆ ಹತ್ತಿರದ್ದೂ ದೂರದ್ದೂ ಎರಡೂ ಚೆನ್ನಾಗಿ ಕಾಣುತ್ತದೆ. ಕಂಡದ್ದು ಏನು ಎಂಬುದು ಮಾತ್ರ ತಿಳಿಯುವುದಿಲ್ಲ. ಅದಕ್ಕೆ ನನ್ನ ಅಂಗಡಿಯಲ್ಲಿ ಗಾಜಿಲ್ಲ.

ಅವರಿಗೂ ನನ್ನ ಅಕ್ಕ ಗಿರಿಜಾಂಬಿಕಾಳಿಗೂ ಒಬ್ಬಳೇ ಮಗಳು, ಸಿಂಧು. ಅವಳು ಫಿನ್‌ಲ್ಯಾಂಡಿನ ಒಂದು ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿರುವ ತೆಂಗಿನಕಾಯಿ ಕೊಳೆಯದೆ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿ ಆಗುವುದು ಹೇಗೆ ಎಂಬುದು. ನಮ್ಮ ಸೀಮೆಯ ಮನೆಮನೆಯ ಅಟ್ಟದಲ್ಲೂ ತಾನಾಗಿ ನಡೆಯುವ ಈ ಕೆಲಸವನ್ನು ತಿಳಿಯಲು ಹಿಮ ಬೀಳುವ ದೇಶಕ್ಕೆ ಯಾಕೆ ಹೋಗಬೇಕು ಎಂದು ಊರಿನವರು ಕೇಳಿದ್ದುಂಟು. ಯಂತ್ರಗಳು ಅಲ್ಲಿವೆ, ಕಾಯಿಗಳು ಇಲ್ಲಿವೆ, ನಾನು ನಡುವೆ ಓಡಾಡುತ್ತೇನೆ ಎಂದು ಸಿಂಧು ಹೇಳಿದ್ದಳು. ಹಾಗೆ ಓಡಾಡುತ್ತಾ ಈ ಸಲ ಬಂದವಳು ಅಟ್ಟದ ಏಣಿಯಿಂದ ಜಾರಿ ಕಾಲು ಮುರಿದುಕೊಂಡಳು. ಸದ್ಯಕ್ಕೆ ವಿಮಾನ ಹತ್ತುವ ಹಾಗಿಲ್ಲ ಎಂದು ಆಸ್ಪತ್ರೆಯವರು ಹೇಳಿಬಿಟ್ಟರು. ಕೊನೆಯ ಪರೀಕ್ಷೆಯ ದಿನ ಆಗಲೇ ಗೊತ್ತಾಗಿತ್ತು. ಯೂನಿವರ್ಸಿಟಿಯವರು ಒಳ್ಳೆಯವರು, ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಉತ್ತರ ಕೊಟ್ಟರೂ ಆಗುತ್ತದೆ ಎಂದು ಒಪ್ಪಿದರು. ಹೀಗೆ ಫಿನ್‌ಲ್ಯಾಂಡಿನ ಒಂದು ಪಿಎಚ್‌ಡಿ ಪರೀಕ್ಷೆ ಶೆಟ್ಟಿಕೆರೆಯ ಪಡಸಾಲೆಯಲ್ಲಿ ನಡೆಯಬೇಕಾಗಿ ಬಂತು.

ಪಿಎಚ್‌ಡಿ ವಿಷಯದಲ್ಲಿ ಊರಿಗೆ ಕೊನೆಯ ಮಾತು ಹೇಳುತ್ತಿದ್ದವನು ಎದುರುಮನೆಯ ಕಲ್ಲೇಶ್. ಕಾಲೇಜಿನಲ್ಲಿ ಮೇಷ್ಟ್ರು. ಮನೆಯ ಗೇಟಿಗಿಂತ ಅಗಲವಾದ ಬೋರ್ಡಿನ ಮೇಲೆ ಡಾ. ಕಲ್ಲೇಶ್ ಎಂದು ಬರೆಸಿದ್ದರಿಂದ ಅವನ ಮನೆಗೆ ಹೋಗುವವರು ಬೋರ್ಡನ್ನು ಸ್ವಲ್ಪ ಓರೆ ಮಾಡಿಯೇ ಒಳಗೆ ಹೋಗಬೇಕು. ಒಂದು ಸಂಜೆ ನಾವೆಲ್ಲ ಕೂತಿದ್ದಾಗ ಭಾವ ಅವನನ್ನು ಕರೆಸಿ ಈ ಪರೀಕ್ಷೆ ಹೇಗಿರುತ್ತದೆ ಎಂದು ಕೇಳಿದರು. ಕಲ್ಲೇಶ್ ತನ್ನದನ್ನು ವಿವರಿಸಿದ. ಬರೆದದ್ದನ್ನು ಬೇರೆ ಊರಿನ ಪ್ರೊಫೆಸರುಗಳು ಓದಿ ವರದಿ ಕಳಿಸುತ್ತಾರೆ. ಅವರಲ್ಲೊಬ್ಬರು ಬಂದು ಪ್ರಶ್ನೆ ಕೇಳುತ್ತಾರೆ. ಪಕ್ಕದಲ್ಲಿ ಗೈಡು ಇರುತ್ತಾರೆ. ಆಮೇಲೆ ಎಲ್ಲರಿಗೂ ಖಾರಾಬಾತು, ಕೇಸರಿಬಾತು, ಒಂದು ಶಾಲು, ಒಂದು ಫೋಟೊ.

"ಬಂದೋರ್ನ ಚೆನ್ನಾಗ್ ನೋಡ್ಕಂಡ್ರೆ ಆಯ್ತು ಕಣಣ್ಣ, ಎಲ್ಲಾ ಸಲೀಸು," ಎಂದ.

ಸಿಂಧು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ನಕ್ಕಳು. ಡಿಗ್ರಿಯ ಹೆಸರು ಒಂದೇ ಆದರೂ ದೇಶಕ್ಕೊಂದು ಪದ್ಧತಿ ಎಂದಳು. ಇಂಗ್ಲೆಂಡಿನಲ್ಲಿ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡುತ್ತಾರಂತೆ, ನೆಂಟರಿಷ್ಟರಿಗೆ ಪ್ರವೇಶವಿಲ್ಲ. ಜರ್ಮನಿಯಲ್ಲಿ ಗೈಡನ್ನು ಡಾಕ್ಟರ್ ಅಪ್ಪ ಎಂದು ಕರೆಯುತ್ತಾರಂತೆ. ಇದನ್ನು ಕೇಳಿ ಭಾವನ ಮುಖ ಗಂಭೀರವಾಯಿತು. ಅಪ್ಪ ಅನ್ನಿಸಿಕೊಳ್ಳಲು ಇನ್ನೊಬ್ಬನಿಲ್ಲದ ದೇಶಕ್ಕೆ ಮಗಳನ್ನು ಕಳಿಸಿದ್ದೇ ಒಳ್ಳೆಯದಾಯಿತು ಎಂದರು. ನೆದರ್ಲ್ಯಾಂಡ್ಸಿನಲ್ಲಿ ಇಬ್ಬರು ಗೆಳೆಯರು ಪಕ್ಕದಲ್ಲಿ ಕಾವಲು ನಿಲ್ಲುತ್ತಾರೆ, ಹೊತ್ತು ಮುಗಿದ ಕೂಡಲೇ ಕೋಲು ಹಿಡಿದವರೊಬ್ಬರು ಬರುತ್ತಾರೆ, ಮಾತು ಎಲ್ಲಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅಂಥದ್ದೊಂದು ಕೋಲು ಈ ಮನೆಗೂ ಬೇಕಿತ್ತು ಎಂದು ಅಕ್ಕ ಭಾವನ ಕಡೆ ನೋಡಿದಳು.

ಫಿನ್‌ಲ್ಯಾಂಡಿನದು ಬೇರೆ ಥರ. ಅಲ್ಲಿ ಎಲ್ಲವೂ ಬಹಿರಂಗ. ಯಾರು ಬೇಕಾದರೂ ಬಂದು ಕೂರಬಹುದು. ಇವಳು ಬರೆದದ್ದರ ಮೇಲೆ ಎಲ್ಲರೆದುರಿಗೇ ವಾದಕ್ಕೆ ನಿಲ್ಲಲು ಬೇರೆ ಕಡೆಯ ಪ್ರೊಫೆಸರೊಬ್ಬರನ್ನು ಯೂನಿವರ್ಸಿಟಿಯೇ ನೇಮಿಸುತ್ತದೆ. ಅವರು ಗಂಟೆಗಟ್ಟಲೆ ಕೇಳುತ್ತಾರೆ, ಇವಳು ಉತ್ತರ ಕೊಡಬೇಕು. ಗೈಡು ಅಧ್ಯಕ್ಷರ ಹಾಗೆ ಕೂತಿರುತ್ತಾರೆಯೇ ಹೊರತು ಬಾಯಿ ಹಾಕುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಇವಳೇ ಸಭೆಯ ಕಡೆ ತಿರುಗಿ, ಈ ಥೀಸಿಸ್ ಬಗ್ಗೆ ಯಾರಿಗಾದರೂ ತಕರಾರು ಇದ್ದರೆ ಈಗ ಹೇಳಬೇಕು ಎಂದು ವಿನಯದಿಂದ ಕೇಳಬೇಕು. ಅದೇ ದಿನ ಸಂಜೆ, ಎದುರು ವಾದಿಸಿದವರ ಗೌರವಕ್ಕೆ ಊಟ ಹಾಕಬೇಕು. ಮುಂದೆ ದೊಡ್ಡ ಸಮಾರಂಭವಾದಾಗ ಡಾಕ್ಟರ್ ಆದವರಿಗೆ ಉದ್ದನೆಯ ಹ್ಯಾಟು, ಸೊಂಟಕ್ಕೆ ಕತ್ತಿ.

ಕತ್ತಿ ಎಂದಾಗ ಶಾಲು ಪಡೆದಿದ್ದ ಕಲ್ಲೇಶನ ಮುಖ ಸಣ್ಣದಾಯಿತು. ಭಾವನ ಗಮನ ಕತ್ತಿಯ ಮೇಲಿರಲಿಲ್ಲ. ಅವರು ತಕರಾರಿನಲ್ಲೇ ನಿಂತುಬಿಟ್ಟಿದ್ದರು.

"ಕರ್ದು ಕೇಳ್ತಾರಾ? ತಕರಾರು ಐತಾ ಅಂತ?"

"ಹೂಂ ಅಪ್ಪ. ಅದು ಸುಮ್ನೆ ಪದ್ಧತಿ. ಯಾರೂ ಎದ್ದೇಳಲ್ಲ."

ಯಾರೂ ಏಳುವುದಿಲ್ಲ ಎಂಬ ಮಾತನ್ನು ಫಿನ್‌ಲ್ಯಾಂಡಿನವರು ನಂಬಬಹುದು. ನಮ್ಮ ಕಡೆಯವರಿಗೆ ಅನುಭವ ಬೇರೆ. ಜಮೀನಿನ ಖಾತೆ ಬದಲಾಗುವಾಗ, ತಕರಾರು ಇದ್ದವರು ಇಷ್ಟು ದಿನದೊಳಗೆ ಹೇಳಿ ಎಂದು ನೋಟಿಸು ಅಂಟಿಸುತ್ತಾರೆ. ಅಂಥ ನೋಟಿಸು ತಕರಾರಿಲ್ಲದೆ ಹರಿದು ಬಿದ್ದದ್ದನ್ನು ನಾನಂತೂ ನೋಡಿಲ್ಲ. ಮನೆಗೆ ಬೆಂಕಿ ಬಿತ್ತು ಎಂದರೂ ಹೊರಗೆ ಬಾರದ ದಾಯಾದಿಗಳು, ತಕರಾರು ಕರೆದಿದ್ದಾರೆ ಎಂದರೆ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತಾರೆ. ಭಾವ ಆ ರಾತ್ರಿಯೇ ತೀರ್ಮಾನಕ್ಕೆ ಬಂದರು. ಡಿಗ್ರಿ ಕೈಗೆ ಬರಬೇಕಾದರೆ ತಕರಾರು ಮಾಡಬಹುದಾದವರನ್ನೆಲ್ಲ ಮೊದಲೇ ಕಂಡು ಒಪ್ಪಿಸಿಕೊಳ್ಳಬೇಕು.

ಮಾರನೆಯ ದಿನ ನನ್ನನ್ನೂ ಎಳೆದುಕೊಂಡು ಗ್ರಾಮ ಲೆಕ್ಕಿಗರಾದ ಅನಿತಾ ಅವರ ಹತ್ತಿರ ಹೋದರು. ಆಕೆ ಚಿಕ್ಕ ವಯಸ್ಸಿನವರು, ಗಂಭೀರ ಸ್ವಭಾವ. ಮಗಳ ಪಿಎಚ್‌ಡಿಗೆ ತಕರಾರು ಕರೆಯುತ್ತಿದ್ದಾರೆ, ಏನು ಮಾಡಬೇಕು ಎಂದು ಭಾವ ಕೇಳಿದಾಗ ತಲೆ ಎತ್ತದೆಯೇ ಸರ್ವೆ ನಂಬರು ಯಾವುದು ಎಂದರು. ಸರ್ವೆ ನಂಬರಿಲ್ಲ, ಫಿನ್‌ಲ್ಯಾಂಡು ಎಂದರು ಭಾವ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಅದು ತಮ್ಮ ಹೋಬಳಿಗೆ ಸೇರುವುದಿಲ್ಲ ಎಂದರು. ಆದರೂ ಪೇಚಾಡುತ್ತಿರುವ ಹಿರಿಯರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲವೋ ಏನೋ, ಸಾಮಾನ್ಯವಾಗಿ ಇಂಥ ವಿಷಯಗಳಲ್ಲಿ ಚಕ್ಕುಬಂದಿಯವರು, ಅಂದರೆ ಜಮೀನಿನ ನಾಲ್ಕು ದಿಕ್ಕಿನ ನೆರೆಯವರು, ಒಪ್ಪಿದರೆ ಯಾರ ಆಟವೂ ನಡೆಯುವುದಿಲ್ಲ ಎಂದು ಹೇಳಿ ಕಳಿಸಿದರು.

ಭಾವನಿಗೆ ಅಷ್ಟೇ ಬೇಕಾಗಿತ್ತು. ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ಮಗಳ ಥೀಸಿಸ್ಸಿಗೆ ಚಕ್ಕುಬಂದಿ ಕಟ್ಟಲು ಹೊರಟರು. ಭಾವನ ಜಮೀನಿನ ಉತ್ತರಕ್ಕೆ ಗಂಗಾಧರಯ್ಯನ ತೋಟ. ಆತ ಆಳಿನಿಂದ ತೆಂಗಿನ ಗೊನೆ ಇಳಿಸಿಕೊಳ್ಳುತ್ತಿದ್ದ, ಮೇಲೆ ನೋಡುತ್ತಲೇ ತನಗೆ ಯಾವ ದೇಶದ ಡಿಗ್ರಿ ಮೇಲೂ ತಕರಾರಿಲ್ಲ ಎಂದ. ದಕ್ಷಿಣಕ್ಕೆ ರಸ್ತೆ. ರಸ್ತೆ ಸರ್ಕಾರದ್ದು. ಸರ್ಕಾರವನ್ನು ಒಪ್ಪಿಸುವುದು ಹೇಗೆ ಎಂದು ಭಾವ ರಸ್ತೆಯ ನಡುವೆ ನಿಂತು ಚಿಂತಿಸಿದರು, ಹಿಂದಿನಿಂದ ಬಂದ ಚಿಕ್ಕನಾಯಕನಹಳ್ಳಿ ಬಸ್ಸು ಹಾರನ್ ಹೊಡೆದದ್ದನ್ನೇ ಒಪ್ಪಿಗೆ ಎಂದು ತಿಳಿದುಕೊಂಡರು. ಪಶ್ಚಿಮಕ್ಕೆ ಹುಚ್ಚಕ್ಕ. ಆಕೆ ತಕರಾರಿಲ್ಲ ಎಂದಳು, ಆದರೆ ಪೂರ್ತಿ ವಿಚಾರ ಹೇಳದೆ ಬಿಡುವುದಿಲ್ಲ ಎಂದಳು. ಎದುರು ನಿಲ್ಲುವವರು ಯಾರು, ಕತ್ತಿ ಯಾವಾಗ ಕೊಡುತ್ತಾರೆ, ಎಲ್ಲ ಕೇಳಿಸಿಕೊಂಡಳು. ಸಂಜೆಯೊಳಗೆ ಊರಿನಲ್ಲಿ ಸುದ್ದಿ ಸಿದ್ಧವಾಗಿತ್ತು. ಸಿಂಧುವಿಗೆ ಪರದೇಶದ ಒಬ್ಬ ಎದುರಾಳಿಯ ಜೊತೆ ಕತ್ತಿಕಾಳಗವಿದೆ, ಕಾಲು ಮುರಿದದ್ದು ಏಣಿಯಿಂದ ಬಿದ್ದಲ್ಲ, ಅಟ್ಟದ ಮೇಲೆ ಗುಟ್ಟಾಗಿ ವರಸೆ ಕಲಿಯುವಾಗ. ಎರಡು ದಿನ ಊರಿನ ಹೆಂಗಸರು ಎಣ್ಣೆ, ಬೆಳ್ಳುಳ್ಳಿ, ಧೈರ್ಯ ಮೂರನ್ನೂ ತಂದು ಕೊಟ್ಟರು.

ಉಳಿದದ್ದು ಪೂರ್ವ. ಪೂರ್ವದಲ್ಲಿ ಇದ್ದವರು ಶಂಭುಲಿಂಗಯ್ಯ.

ಶಂಭುಲಿಂಗಯ್ಯನವರು ಭಾವನ ದೊಡ್ಡಪ್ಪನ ಮಗ. ಇಬ್ಬರ ತೋಟದ ನಡುವಿನ ಬದುವಿನಲ್ಲಿ ಒಂದು ಹಳೆಯ ತೆಂಗಿನ ಮರವಿದೆ, ಓರೆಮರ ಎಂದೇ ಅದಕ್ಕೆ ಹೆಸರು. ಬುಡ ಭಾವನ ಕಡೆ, ತಲೆ ಶಂಭುಲಿಂಗಯ್ಯನ ಕಡೆ. ಬುಡ ಇರುವವನದೇ ಮರ ಎಂದು ಇವರು, ಕಾಯಿ ಬೀಳುವ ಕಡೆಯವನದೇ ಮರ ಎಂದು ಅವರು. ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಲೇ ಇತ್ತು, ಮರ ಬಾಗುತ್ತಲೇ ಇತ್ತು. ಅಣ್ಣತಮ್ಮಂದಿರಿಗೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ತೀರಾ ಹೇಳಲೇಬೇಕಾದದ್ದು ಬಂದರೆ ಇಬ್ಬರೂ ಹತ್ತಿರದಲ್ಲಿ ಕಟ್ಟಿಹಾಕಿದ ಯಾವುದಾದರೂ ಕರುವಿಗೆ ಹೇಳುತ್ತಿದ್ದರು. ನೀರು ನಮ್ಮ ಕಡೆ ಹರಿಯುತ್ತಿದೆ ಕಣೋ ಎಂದು ಒಬ್ಬರು ಕರುವಿಗೆ ಹೇಳಿದರೆ, ಇನ್ನೊಬ್ಬರು ಬಂದು ಕಾಲುವೆ ತಿರುಗಿಸುತ್ತಿದ್ದರು.

ಭಾವ ಎಲೆ ಅಡಿಕೆ ಹಿಡಿದು ಅವರ ಅಂಗಳಕ್ಕೆ ಹೋದಾಗ ಶಂಭುಲಿಂಗಯ್ಯ ಜಗಲಿಯ ಮೇಲೆ ಕೂತಿದ್ದರು. ಭಾವ ನೇರವಾಗಿ ಕರುವಿನ ಹತ್ತಿರ ಹೋಗಿ ನಿಂತು, ಸಿಂಧುವಿನ ಪರೀಕ್ಷೆ, ಬಹಿರಂಗ ಸಭೆ, ಕೊನೆಯಲ್ಲಿ ತಕರಾರು ಕೇಳುವುದು, ಎಲ್ಲವನ್ನೂ ಅದಕ್ಕೆ ವಿವರವಾಗಿ ತಿಳಿಸಿದರು. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಆ ದಿನ ಎದ್ದು ನಿಲ್ಲಬಾರದು ಎಂದು ಕೇಳಿಕೊಂಡರು. ಕರು ಎಲೆಯ ಕಡೆ ಮೂಗು ಚಾಚಿತು. ಶಂಭುಲಿಂಗಯ್ಯನವರೂ ಕರುವನ್ನೇ ಕೇಳಿದರು.

"ಅಂದ್ರೆ ಅಲ್ಲಿಗಂಟ ನನ್ ಮಾತು ಹೋಯ್ತದೆ ಅನ್ನು?"

ಭಾವನ ಮುಖ ಬೆವರಿತು. ಕೇಳದಿದ್ದವನಿಗೆ ತಾವೇ ಆಯುಧ ಒಪ್ಪಿಸಿ ಬಂದಂತಾಗಿತ್ತು. ಯೋಚನೆ ಮಾಡೋಣ ಬುಡು ಎಂದು ಶಂಭುಲಿಂಗಯ್ಯ ಕರುವಿಗೆ ಹೇಳಿ ಒಳಗೆ ಎದ್ದು ಹೋದರು.

ಇನ್ನೊಂದು ಪದ್ಧತಿ ಬಾಕಿಯಿತ್ತು. ಫಿನ್‌ಲ್ಯಾಂಡಿನಲ್ಲಿ ಪರೀಕ್ಷೆಗೆ ಮುಂಚೆ ಥೀಸಿಸ್ ಎಲ್ಲರ ಕೈಗೂ ಸಿಗುವಂತೆ ಇಡಬೇಕಂತೆ. ಹಿಂದೆಲ್ಲ ಗೋಡೆಗೆ ಮೊಳೆ ಹೊಡೆದು ನೇತು ಹಾಕುತ್ತಿದ್ದರಂತೆ. ಸಿಂಧು ತಮಾಷೆಗೆ ಒಂದು ಪ್ರತಿಯನ್ನು ಸುತಲಿ ದಾರದಲ್ಲಿ ಪೋಣಿಸಿ ಜಗಲಿಯ ಕಂಬಕ್ಕೆ ತಗುಲಿ ಹಾಕಿಸಿದಳು. ಬಂದವರು ಹೋದವರು ಕೈ ಒರೆಸಿಕೊಂಡು ಮುಟ್ಟಿ ನೋಡಿದರು. ಒಂದು ಬೆಳಿಗ್ಗೆ ನೋಡಿದರೆ ಕಂಬದಲ್ಲಿ ದಾರ ಮಾತ್ರ ಇತ್ತು.

ಪುಸ್ತಕ ಎಲ್ಲಿಗೆ ಹೋಯಿತು ಎಂಬುದು ನನಗೇ ಮೊದಲು ತಿಳಿಯಿತು. ಶಂಭುಲಿಂಗಯ್ಯ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತಿಪಟೂರಿಗೆ ಬಂದು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಸಣ್ಣ ಅಕ್ಷರ ಕಾಣುವ ಕನ್ನಡಕ ಬೇಕು ಎಂದರು. ಅವರಿಗೆ ಇಂಗ್ಲಿಷು ಬಾರದು ಎಂಬುದು ನನಗೆ ಗೊತ್ತಿತ್ತು. ಅದನ್ನು ನಯವಾಗಿ ಕೇಳಿದೆ. ಓದಿ ಹೇಳಲು ಕಲ್ಲೇಶನಿದ್ದಾನೆ, ಆದರೆ ಅವನು ಎಲ್ಲಿ ಬೆರಳು ಇಡುತ್ತಾನೆ ಎಂಬುದನ್ನು ತಾನು ನೋಡಬೇಕಲ್ಲ ಎಂದರು. ಹ್ಯಾಟು ಕತ್ತಿಯ ಸುದ್ದಿ ಕೇಳಿದ ಮೇಲೆ ಕಲ್ಲೇಶ್ ಈ ಕೆಲಸವನ್ನು ಎಷ್ಟು ಮುತುವರ್ಜಿಯಿಂದ ಮಾಡುತ್ತಿರಬಹುದು ಎಂದು ನಾನು ಊಹಿಸಿದೆ. ಗಾಜು ಹಾಕಿ ಕೊಟ್ಟೆ. ಇಳಿಯುವಾಗ ಅವರು ತಿರುಗಿ ನಿಂತರು.

"ಯೋಗೀಶ, ಹುಡುಗಿ ಸಂದಾಗೇ ಬರ್ದವ್ಳೆ. ಆದ್ರೆ ಮೂರ್ನೇ ಅಧ್ಯಾಯದಾಗೆ ಒಂದ್ ಸುಳ್ಳೈತೆ ಕಣಪ್ಪ."

ಎಲ್ಲಿ ಎಂದರೆ ಹೇಳಲಿಲ್ಲ. ಅಂಗಡಿ ಮುಚ್ಚಿ ಶೆಟ್ಟಿಕೆರೆಗೆ ಓಡಿದೆ. ಅಲ್ಲಿಯವರೆಗೂ ನಗುತ್ತಲೇ ಇದ್ದ ಸಿಂಧು ಇದನ್ನು ಕೇಳಿ ನಗಲಿಲ್ಲ. ಲೆಕ್ಕ ತಪ್ಪಿದ್ದರೆ ತಿದ್ದಬಹುದು ಮಾವ, ಸುಳ್ಳು ಬರೆದಿದ್ದೇನೆ ಎಂದು ಸಾಬೀತಾದರೆ ಡಿಗ್ರಿಯೇ ಇಲ್ಲ ಎಂದಳು. ಪರೀಕ್ಷೆಯ ಹಿಂದಿನ ದಿನವಿಡೀ ಮೂರನೆಯ ಅಧ್ಯಾಯವನ್ನು ತಿರುಗಿಸಿ ಮುರುಗಿಸಿ ಓದಿದಳು. ಶಾಖ, ತೇವ, ಬೂಷ್ಟು, ಎಲ್ಲ ಅಂಕಿಗಳೂ ಸರಿಯಾಗಿದ್ದವು. ಸುಳ್ಳು ಸಿಗಲಿಲ್ಲ. ಭಾವ ಅವಳ ಮುಖವನ್ನೇ ನೋಡುತ್ತಾ ಕೂತಿದ್ದರು. ಕರುವಿಗೆ ಹೇಳಿದ್ದೇ ತಪ್ಪಾಯಿತು ಎಂದು ಒಂದೇ ಮಾತನ್ನು ಹೇಳುತ್ತಿದ್ದರು. ಅವರನ್ನು ಅಷ್ಟು ಸಣ್ಣಗೆ ನಾನು ಹಿಂದೆ ಕಂಡಿರಲಿಲ್ಲ, ನನಗೆ ಸಂಕಟವಾಯಿತು.

ಪರೀಕ್ಷೆಯ ದಿನ ಬಂತು. ಫಿನ್‌ಲ್ಯಾಂಡಿನ ಪದ್ಧತಿಯಂತೆ ಕಪ್ಪು ಉಡುಪು ಉಡಬೇಕು. ಒಳ್ಳೆಯ ಕೆಲಸಕ್ಕೆ ಮಗಳು ಕಪ್ಪು ಉಡುವುದಕ್ಕೆ ಅಕ್ಕ ಒಪ್ಪಲಿಲ್ಲ. ಕೊನೆಗೆ ಕ್ಯಾಮರಾದಲ್ಲಿ ಕಾಣುವಷ್ಟು ಭಾಗಕ್ಕೆ ಕಪ್ಪು ಕೋಟು, ಕೆಳಗೆ ಹಸಿರು ಸೀರೆ ಎಂದು ರಾಜಿಯಾಯಿತು. ಪ್ಲಾಸ್ಟರಿಗೆ ಅಕ್ಕ ಅರಿಶಿನ ಕುಂಕುಮ ಹಚ್ಚಿದಳು. ಪಡಸಾಲೆಯಲ್ಲಿ ಜಮಖಾನ ಹಾಸಿ ಊರವರು ಕೂತಿದ್ದರು. ದಬ್ಬೇಘಟ್ಟದ ನೆಂಟರೂ ಬಂದಿದ್ದರು. ಕತ್ತಿಕಾಳಗ ನೋಡಲು ಬಂದ ಕೆಲವರಿಗೆ ಮುಂದಿನ ಸಾಲು ಸಿಕ್ಕಿತ್ತು. ಮೈಕು ಮುಚ್ಚುವ ತೆರೆಯುವ ಗುಂಡಿ ನನ್ನ ಸುಪರ್ದಿಗೆ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ಗೋಡೆಯ ಮೇಲಿನ ಪರದೆಯಲ್ಲಿ ಫಿನ್‌ಲ್ಯಾಂಡಿನ ಸಭಾಂಗಣ ಮೂಡಿತು. ಅದೇ ಹೊತ್ತಿಗೆ ಶಂಭುಲಿಂಗಯ್ಯ ಹೊಸ ಕನ್ನಡಕ ಹಾಕಿಕೊಂಡು, ಪುಸ್ತಕ ಹಿಡಿದು ಒಳಗೆ ಬಂದು ಕಂಬಕ್ಕೆ ಒರಗಿ ಕೂತರು. ಹಿಂದೆಯೇ ಕಲ್ಲೇಶ್ ಬಂದು ಯಾರ ಮುಖವನ್ನೂ ನೋಡದೆ ಮೂಲೆ ಹಿಡಿದ.

ಎದುರು ವಾದಿಸುವವರು ಎಂದರೆ ಕೋಟು ತೊಟ್ಟ, ಮೀಸೆ ಬಿಟ್ಟ ಲಾಯರೊಬ್ಬನನ್ನು ಭಾವ ಕಲ್ಪಿಸಿಕೊಂಡಿದ್ದರು. ಬಂದವರು ಬೆಳ್ಳಗೆ ತಲೆ ನರೆತ, ನಸುನಗುವಿನ ಅಜ್ಜಿ, ಪ್ರೊಫೆಸರ್ ಹೆಲ್ಮಿ. ಊರವರು ನಿಟ್ಟುಸಿರು ಬಿಟ್ಟರು. ಅದು ದುಡುಕಾಗಿತ್ತು. ಅಜ್ಜಿ ಪ್ರಶ್ನೆ ಕೇಳಲು ಆರಂಭಿಸಿದ ಮೇಲೆ ನಿಲ್ಲಿಸಲೇ ಇಲ್ಲ. ಅಟ್ಟದ ಗಾಳಿ, ಅಡಿಗೆಮನೆಯ ಹೊಗೆ, ಕಾಯಿಯ ಕಣ್ಣು, ಒಂದನ್ನೂ ಬಿಡಲಿಲ್ಲ. ಇಂಗ್ಲಿಷು ಬಾರದವರಿಗೂ ಸಿಂಧುವಿನ ಧ್ವನಿಯಿಂದಲೇ ಎಲ್ಲಿ ಏರು, ಎಲ್ಲಿ ಇಳಿಜಾರು ಎಂದು ತಿಳಿಯುತ್ತಿತ್ತು. ಭಾವನಂತೂ ಅಜ್ಜಿ ಪ್ರಶ್ನೆ ಮುಗಿಸಿದಾಗಲೆಲ್ಲ ಉಸಿರು ಹಿಡಿದು, ಮಗಳ ಉತ್ತರ ಮುಗಿದಾಗ ಬಿಡುತ್ತಿದ್ದರು. ಕೆಲವು ಉತ್ತರಗಳು ಉದ್ದವಾಗಿದ್ದರಿಂದ ನಡುವೆ ಅವರ ಬೆನ್ನು ತಟ್ಟಬೇಕಾಯಿತು. ಸಂಜೆ ಬಿಸಿಲು ಪಡಸಾಲೆಗೆ ಬರುವ ಹೊತ್ತಿಗೆ ಅಜ್ಜಿ ಎದ್ದು ನಿಂತರು. ಸಭಾಂಗಣದವರೂ ನಿಂತರು, ನೋಡಿ ನಾವೂ ನಿಂತೆವು. ಇಷ್ಟು ಒಳ್ಳೆಯ ಕೆಲಸವನ್ನು ತಾನು ಓದಿ ಬಹಳ ದಿನವಾಗಿತ್ತು, ಇವಳಿಗೆ ಡಾಕ್ಟರ್ ಪದವಿ ಕೊಡಲು ಶಿಫಾರಸು ಮಾಡುತ್ತೇನೆ ಎಂದರು.

ಭಾವ ಅಷ್ಟನ್ನೂ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡು ಸಕ್ಕರೆ ಬಟ್ಟಲಿಗೆ ಕೈ ಹಾಕಿದರು. ಮೊದಲ ಸಾಲಿನವರ ಬಾಯಿ ಸಿಹಿಯೂ ಆಯಿತು. ಆಗ ಸಿಂಧು ಕ್ಯಾಮರಾದ ಮುಂದೆ ಇನ್ನೂ ನೆಟ್ಟಗೆ ಕೂತು ಏನನ್ನೋ ಹೇಳಲು ಬಾಯಿ ತೆರೆದಳು. ಭಾವನಿಗೆ ಅದು ಯಾವ ಮಾತೆಂದು ಗೊತ್ತಾಯಿತು. ಆಯ್ತಲ್ಲವ್ವ, ಇನ್ಯಾಕೆ ಕೇಳ್ತೀಯ ಎಂದು ಸಕ್ಕರೆ ಬಟ್ಟಲು ಹಿಡಿದೇ ಕೈಮುಗಿದರು. ನನ್ನ ಕಡೆ ತಿರುಗಿ ಗುಂಡಿ ಒತ್ತುವಂತೆ ಸನ್ನೆ ಮಾಡಿದರು. ನಾನು ಒತ್ತಲಿಲ್ಲ. ಒತ್ತಬೇಕು ಅನ್ನಿಸಿದ್ದು ನಿಜ. ಸಿಂಧು ಮೊದಲು ಇಂಗ್ಲಿಷಿನಲ್ಲಿ ಆ ವಾಕ್ಯ ಹೇಳಿದಳು. ಆಮೇಲೆ ತಿರುಗಿ ನಮಗೆಲ್ಲ ಕನ್ನಡದಲ್ಲಿ ಹೇಳಿದಳು. ಈ ಥೀಸಿಸ್ ಬಗ್ಗೆ ಯಾರಿಗಾದರೂ ತಕರಾರು ಇದ್ದರೆ ದಯವಿಟ್ಟು ಈಗ ಹೇಳಬೇಕು.

ಫಿನ್‌ಲ್ಯಾಂಡಿನಲ್ಲಿ ಯಾರೂ ಮಿಸುಕಲಿಲ್ಲ. ಶೆಟ್ಟಿಕೆರೆಯಲ್ಲಿ ಶಂಭುಲಿಂಗಯ್ಯ ಕಂಬ ಹಿಡಿದು ಎದ್ದರು.

"ಕೇಳ್ದೆಯಲ್ಲ ತಾಯಿ. ನಂದೊಂದು ತಕರಾರು ಐತೆ."

ಸಕ್ಕರೆ ತಿಂದವರು ಚಪ್ಪರಿಸುವುದನ್ನು ನಿಲ್ಲಿಸಿದರು. ಪರದೆಯ ಮೇಲಿನ ಗೈಡು, ಹತ್ತಿರ ಬಗ್ಗಿ, ಆ ಹಿರಿಯರು ಯಾರು ಎಂದು ಕೇಳಿದರು. ನಮ್ಮ ದೊಡ್ಡಪ್ಪ, ಅವರಿಗೆ ಆಕ್ಷೇಪಣೆ ಇದೆ ಎಂದು ಸಿಂಧುವೇ ಹೇಳಬೇಕಾಯಿತು. ಗೈಡಾಗಿ ಕೂತ ಇಷ್ಟು ವರ್ಷಗಳಲ್ಲಿ ಸಭೆಯಿಂದ ಯಾರಾದರೂ ಎದ್ದದ್ದನ್ನು ಅವರು ನೋಡಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಆದರೂ ಪದ್ಧತಿ ಪದ್ಧತಿಯೇ. ತಲೆಬಾಗಿ, ಹಿರಿಯರು ಮಾತಾಡಬಹುದು ಎಂದರು. ಶಂಭುಲಿಂಗಯ್ಯ ತೆಂಗಿನ ಗರಿ ಇಟ್ಟು ಗುರುತು ಮಾಡಿದ್ದ ಪುಟ ತೆಗೆದು ಬೆರಳಿಟ್ಟರು.

"ಮೂರ್ನೇ ಅಧ್ಯಾಯ. ಈ ಕಾಯೆಲ್ಲ ನಮ್ಮಪ್ಪನ ತೋಟದ ಒಂದು ಹಳೇ ಮರದ್ದು ಅಂತ ಬರ್ದಿದ್ದೀಯ. ಯಾವ್ ಮರ?"

"ಓರೆಮರ, ದೊಡ್ಡಪ್ಪ."

"ಅದು ನಿಮ್ಮಪ್ಪಂದು ಅಂತ ನಿಂಗ್ಯಾರು ಹೇಳಿದ್ರು?"

ಸಿಂಧು ತನ್ನ ಮೇಲಿನ ತಕರಾರನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು, ಒಂದು ಮಾತನ್ನೂ ಬಿಡಲಿಲ್ಲ. ಕೂತಿದ್ದ ಅಜ್ಜಿ ಮತ್ತೆ ಎದ್ದರು, ತಮ್ಮ ಪ್ರತಿಯಲ್ಲಿ ಅದೇ ಪುಟ ಹುಡುಕಿ ಓದಿದರು. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಪ್ರಶ್ನೆ ನ್ಯಾಯವಾಗಿದೆ, ಕಾಯಿ ಎಲ್ಲಿಂದ ಬಂತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು, ಇದಕ್ಕೆ ಉತ್ತರ ಬೇಕು ಎಂದರು. ಎರಡು ದೇಶದ ಜನ ಸಿಂಧುವಿನ ಮುಖ ನೋಡಿದರು. ಸಿಂಧು ನಿಧಾನವಾಗಿ ಕುರ್ಚಿ ತಿರುಗಿಸಿದಳು.

"ಅಪ್ಪ, ಮರ ಯಾರ್ದು?"

ಭಾವ ಆ ಮರಕ್ಕಾಗಿ ಎಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿದ್ದರು ಎಂಬುದು ನನಗೆ ಗೊತ್ತು. ಆ ಮರ ನನ್ನದು ಎಂದು ಹೇಳುವುದಕ್ಕೇ ಹುಟ್ಟಿದವರಂತೆ ಬದುಕಿದವರು. ಅಭ್ಯಾಸ ಬಲದಿಂದ ಅವರು ಕಿಟಕಿಯ ಕಡೆ, ತಮ್ಮ ಅಂಗಳದ ಕರುವಿನ ಕಡೆ ತಿರುಗಿದರು. ಬಾಯಿ ತೆರೆದರು. ಆಮೇಲೆ ಕರುವನ್ನು ಬಿಟ್ಟು ಈ ಕಡೆ ತಿರುಗಿ ನೇರವಾಗಿ ಶಂಭುಲಿಂಗಯ್ಯನವರ ಮುಖ ನೋಡಿದರು.

"ಇಬ್ರುದೂ ಕಣವ್ವ. ಬುಡ ನಮ್ದು, ತಲೆ ಅಣ್ಣಂದು. ಹಂಗೇ ಬರ್ಕೋ."

ಸಿಂಧುವಿಗೆ ಅದನ್ನು ಇಂಗ್ಲಿಷಿಗೆ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ತನ್ನ ತಾತನೂ ಪಕ್ಕದವರೂ ಬೇಲಿಯ ಒಂದು ಪೈನ್ ಮರಕ್ಕಾಗಿ ಸಾಯುವವರೆಗೂ ಜಗಳವಾಡಿದರು, ಇಬ್ಬರೂ ಹೋದರು, ಮರ ಇನ್ನೂ ಇದೆ ಎಂದರು. ತಿದ್ದುಪಡಿಯನ್ನು ಒಪ್ಪಿದ್ದೇನೆ, ಅಚ್ಚಿನಲ್ಲಿ ಎರಡು ಮನೆಯ ಹೆಸರೂ ಬರಲಿ ಎಂದರು. ಗೈಡು ಸಭೆ ಮುಗಿಯಿತು ಎಂದು ಸಾರಿದರು. ಕೋರ್ಟಿನಲ್ಲಿ ತೀರದ ಶೆಟ್ಟಿಕೆರೆಯ ಗಡಿ ವ್ಯಾಜ್ಯ ಹೀಗೆ ಫಿನ್‌ಲ್ಯಾಂಡಿನಲ್ಲಿ ಇತ್ಯರ್ಥವಾಯಿತು. ಪಡಸಾಲೆಯಲ್ಲಿ ಎದ್ದ ಚಪ್ಪಾಳೆಗೆ ಮೈಕು ಮುಚ್ಚಬೇಕೆಂದು ನನಗೆ ನೆನಪಾಗಲಿಲ್ಲ. ಹಿಮದ ದೇಶದವರೂ ಆ ಕಡೆಯಿಂದ ತಟ್ಟುತ್ತಿದ್ದರು. ಹುಚ್ಚಕ್ಕ ಮಾತ್ರ, ಕತ್ತಿ ಎಲ್ಲಿ ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಕಲ್ಲೇಶ್ ಮೂಲೆಯಿಂದ ಎದ್ದು ಬಂದು ಸಿಂಧುವಿನ ಕೈ ಕುಲುಕಿದ. ಹ್ಯಾಟಿನ ಅಳತೆ ಯಾವಾಗ ಕೊಡಬೇಕು ಎಂದು ಕೇಳಿದ. ಪಾಪ, ಅವನಿಗೂ ಒಂದು ಹ್ಯಾಟು ಸಿಕ್ಕಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಎಲೆ ಹಾಕಿದ್ದರು. ಹೋಳಿಗೆ, ಕಾಯಿಹಾಲು. ಎದುರು ವಾದಿಸಿದವರ ಗೌರವಕ್ಕೆ ಊಟ ಎಂದು ಸಿಂಧು ಹೇಳಿದ್ದರಿಂದ, ಬಾರದಿದ್ದರೂ ಪ್ರೊಫೆಸರ್ ಹೆಲ್ಮಿಯವರ ಹೆಸರಿನಲ್ಲಿ ಮೊದಲ ಎಲೆಯನ್ನು ಭಾವನೇ ಹಾಕಿಸಿದ್ದರು. ಸಭೆಯಲ್ಲಿ ಬೈದವರಿಗೆ ಊಟ ಹಾಕುವುದೇನು ಎಂದು ಒಂದು ವಾರ ಗೊಣಗಿದವರೂ ಅವರೇ. ಎಲ್ಲರೂ ಕೂತರು. ಶಂಭುಲಿಂಗಯ್ಯ ಪುಸ್ತಕವನ್ನು ಮತ್ತೆ ಕಂಬದ ದಾರಕ್ಕೆ ಕಟ್ಟಿ ಚಪ್ಪಲಿ ಹುಡುಕುತ್ತಿದ್ದರು. ಭಾವ ಹೋಗಿ ಅವರ ಕೈ ಹಿಡಿದರು.

"ಎಲ್ಲಿಗೆ ಹೋಯ್ತೀಯ ಶಂಭಣ್ಣ? ಎದುರು ವಾದ ಮಾಡ್ದೋರಿಗೇ ಮೊದ್ಲೆಲೆ. ಬಾ, ಕೂತ್ಕೋ."

ಶಂಭುಲಿಂಗಯ್ಯ ಬಂದು ಮೊದಲ ಎಲೆಯ ಮುಂದೆ ಕೂತರು. ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿದರು. ಗಾಜಿನ ಜೊತೆಗೆ ಕಣ್ಣನ್ನೂ ಒರೆಸಿಕೊಂಡರು. ಅಕ್ಕ ಹೋಳಿಗೆಯ ಮೇಲೆ ಕಾಯಿಹಾಲು ಸುರಿಯಲು ಬಗ್ಗಿದಾಗ ಕೈ ಅಡ್ಡ ಹಿಡಿದು, ಇದು ಯಾವ ಮರದ ಕಾಯಿ ಎಂದು ಕೇಳಿದರು. ಪಂಕ್ತಿಯಲ್ಲಿದ್ದವರೆಲ್ಲ ತುತ್ತು ನಿಲ್ಲಿಸಿದರು.

"ನಿಮ್ಮಿಬ್ರುದೂ," ಎಂದಳು ಅಕ್ಕ.

ಅವರು ಕೈ ತೆಗೆದರು. ಒಂದು ಹೋಳಿಗೆ ಪೂರ್ತಿ ತಿಂದು, ನಿಧಾನವಾಗಿ ಬಾಯಿ ಒರೆಸಿಕೊಂಡು, ಸಿಂಧು ಕೂತಿದ್ದ ಕಡೆ ತಿರುಗಿದರು.

"ತಕರಾರಿಲ್ಲ ಕಣವ್ವ, ಡಾಕ್ಟ್ರೇ," ಎಂದು ಹೇಳಿ ಇನ್ನೊಂದು ಹಾಕಿಸಿಕೊಂಡರು.